ಮಂಗಟ್ಟೆ ಶಾಂತಣ್ಣ ‘ಇಲ್ಲ’ ಎಂದ ದಿನ

ಮಂಗಟ್ಟೆ ಹಕ್ಕಿಯನ್ನು ನೀವು ನೋಡಿದ್ದೀರೋ ಇಲ್ಲವೋ, ಮಕ್ಕಳೇ. ನೋಡಿಲ್ಲದಿದ್ದರೂ ಪರವಾಗಿಲ್ಲ. ಹಕ್ಕಿ ಬರುವ ಮೊದಲು ಅದರ ಕೊಕ್ಕು ಬರುತ್ತದೆ, ಅಷ್ಟು ದೊಡ್ಡ ಕೊಕ್ಕು ಎಂದು ತಿಳಿದರೆ ಸಾಕು. ಅಂಥ ಒಂದು ಜೋಡಿ ಹೊಳೆಯಂಚಿನ ಕಾಡಿನಲ್ಲಿ, ಹಳೆಯ ಮತ್ತಿಮರದ ಪೊಟರೆಯಲ್ಲಿ ಸಂಸಾರ ಹೂಡಿತ್ತು. ಗಂಡನ ಹೆಸರು ಶಾಂತಣ್ಣ, ಹೆಂಡತಿಯ ಹೆಸರು ನೀಲವ್ವ.

ಈ ಹಕ್ಕಿಗಳದು ಒಂದು ವಿಚಿತ್ರ ಪದ್ಧತಿ. ಮೊಟ್ಟೆ ಇಡುವ ಕಾಲ ಬಂದಾಗ ಹೆಣ್ಣು ಹಕ್ಕಿ ಪೊಟರೆಯೊಳಗೆ ಹೋಗಿ ಕೂತು, ಬಾಗಿಲಿಗೆ ಮಣ್ಣಿನ ಗೋಡೆ ಕಟ್ಟಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಹಾವು, ಕಬ್ಬೆಕ್ಕು ಒಳಗೆ ನುಗ್ಗಬಾರದಲ್ಲ, ಅದಕ್ಕೆ. ಒಳಗೆ ಕೂತವಳ ರೆಕ್ಕೆಯ ಗರಿಗಳೂ ಉದುರಿಹೋಗುತ್ತವೆ. ಹೊಸವು ಬರುವವರೆಗೆ ಅವಳು ಹಾರುವಂತಿಲ್ಲ. ಅಷ್ಟು ದಿನವೂ ಗಂಡ ತಂದುಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ.

ನೀಲವ್ವನ ಮೊಟ್ಟೆಯೊಡೆದು ಒಂದು ಮರಿ ಬಂದಿತ್ತು. ಶಾಂತಣ್ಣ ಸೋಮಾರಿಯಲ್ಲ. ಹೊತ್ತು ಹುಟ್ಟುವ ಮೊದಲೇ ಎದ್ದು, ಹೊಳೆಯಾಚೆಯ ಗೋಳಿಮರಕ್ಕೆ ಹಾರಿ, ಗಂಟಲಿನ ಚೀಲದಲ್ಲಿ ಇಪ್ಪತ್ತು ಹಣ್ಣು ತುಂಬಿಕೊಂಡು ಹೊರಡುತ್ತಿದ್ದ. ಅವನ ತೊಂದರೆಯೇ ಬೇರೆ. ಯಾರು ಏನು ಕೇಳಿದರೂ ‘ಇಲ್ಲ’ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಅಷ್ಟು ದೊಡ್ಡ ಕೊಕ್ಕಿನಲ್ಲಿ ಅಷ್ಟು ಚಿಕ್ಕ ಮಾತಿಗೆ ಜಾಗ ಇರಲಿಲ್ಲ ನೋಡಿ.

ದಾರಿಯಲ್ಲಿ ದಣಿವಾರಿಸಿಕೊಳ್ಳಲು ಹಲಸಿನ ಮರದ ಮೇಲೆ ಕೂರುತ್ತಿದ್ದ. ಅಲ್ಲಿ ಭಾಗಕ್ಕ ಎಂಬ ಕೆಂಜಳಿಲು ಬಾಲ ಕುಣಿಸುತ್ತ ಕಾದಿರುತ್ತಿದ್ದಳು.

“ಶಾಂತಣ್ಣ, ನಾಲ್ಕೇ ನಾಲ್ಕು ಹಣ್ಣು. ನೀವು ತಂದ ಹಣ್ಣಿನ ರುಚಿಯೇ ಬೇರೆ.”

ಗೋಳಿಮರ ಭಾಗಕ್ಕನಿಗೆ ಹತ್ತು ಜಿಗಿತದ ದೂರ. ಅದು ಶಾಂತಣ್ಣನಿಗೂ ಗೊತ್ತು. ಆದರೂ, ಇಲ್ಲವೆಂದರೆ ಪಾಪ, ಮುಖ ಸಣ್ಣ ಮಾಡಿಕೊಳ್ಳುತ್ತಾಳಲ್ಲ ಎಂದು ಕೊಡುತ್ತಿದ್ದ.

ಮುಂದಿನ ಮರದಲ್ಲಿ ಕಪ್ಪು ಮೋರೆಯ ಕೋತಿ, ಮುಸಿಯ ರಾಯಪ್ಪ. “ಸೊಂಟ ಹಿಡಿದಿದೆಯಪ್ಪ, ಕೊಂಬೆ ಹತ್ತಲಾರೆ,” ಎಂದು ಅವನು ನರಳುತ್ತಿದ್ದದ್ದು ಮರದ ತುತ್ತತುದಿಯಲ್ಲಿ ಕೂತು. ಅವನಿಗೆ ಎಂಟು ಹಣ್ಣು. ಆಮೇಲೆ ಪಿಕಳಾರ ಹಕ್ಕಿ ಚಿನ್ನಮ್ಮ. ಅವಳ ಮನೆಗೆ ದಿನವೂ ನೆಂಟರು. ಅವಳಿಗೆ ಐದು.

“ಶಾಂತಣ್ಣನಂಥವರು ಈ ಕಾಡಿನಲ್ಲಿ ಇನ್ನೊಬ್ಬರಿಲ್ಲ,” ಎಂದು ಮೂವರೂ ಹೇಳುತ್ತಿದ್ದರು. ಆ ಮಾತು ಕೇಳಿ ಶಾಂತಣ್ಣನ ಎದೆ ಉಬ್ಬುತ್ತಿತ್ತು. ಮನೆ ಸೇರುವಾಗ ಗಂಟಲಿನಲ್ಲಿ ಉಳಿಯುತ್ತಿದ್ದದ್ದು ಮೂರು ಹಣ್ಣು.

“ಇಷ್ಟೇ ಏನ್ರೀ?” ಎಂದು ಮೊದಲ ದಿನ ನೀಲವ್ವ ಸೀಳಿನೊಳಗಿಂದ ಕೇಳಿದಳು.

ನಿಜ ಹೇಳಲು ಶಾಂತಣ್ಣನಿಗೆ ನಾಚಿಕೆಯಾಯಿತು. “ಈ ಸಲ ಗೋಳಿ ಸರಿಯಾಗಿ ಹಣ್ಣು ಬಿಟ್ಟಿಲ್ಲ ಕಣೆ,” ಎಂದುಬಿಟ್ಟ.

“ಹೋಗಲಿ ಬಿಡಿ. ಇರುವುದರಲ್ಲಿ ಸುಧಾರಿಸೋಣ,” ಎಂದಳು ನೀಲವ್ವ. ಅವಳು ಜಗಳವಾಡಲಿಲ್ಲ, ಮುಖ ಊದಿಸಲಿಲ್ಲ. ಹಾಗಾಗಿ ಮರುದಿನವೂ ಮೂರೇ ಹಣ್ಣು ಬಂತು, ಅದರ ಮರುದಿನವೂ ಅಷ್ಟೇ.

ಒಂದು ವಾರ ಕಳೆಯಿತು. ಮರಿಯ ಕೂಗು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಒಂದು ಬೆಳಿಗ್ಗೆ ಶಾಂತಣ್ಣ ಎಂದಿನಂತೆ ಮೂರು ಹಣ್ಣು ಒಳಗೆ ದಾಟಿಸಿದ. ಸ್ವಲ್ಪ ಹೊತ್ತಿಗೆ ಸೀಳಿನಿಂದ ನೀಲವ್ವನ ಕೊಕ್ಕು ಹೊರಗೆ ಬಂತು. ಅದರ ತುದಿಯಲ್ಲಿ ಒಂದು ಹಣ್ಣಿತ್ತು.

“ಇದು ನಿಮಗೆ.”

“ನನಗೇಕೆ?”

“ಹಣ್ಣೇ ಇಲ್ಲದ ಕಾಡಿನಲ್ಲಿ ದಿನವಿಡೀ ಅಲೆಯುತ್ತೀರಿ. ನಿಮ್ಮ ಹೊಟ್ಟೆಗೆ ಏನು ಬೀಳುತ್ತದೋ ಏನೋ. ಮರಿಗೆ ಎರಡು ತಿನ್ನಿಸಿದೆ. ಇದನ್ನು ನೀವು ತಿನ್ನಿ, ನನಗೆ ಹಸಿವಿಲ್ಲ.”

ಶಾಂತಣ್ಣನ ಹೊಟ್ಟೆ ಗೋಳಿಮರದಲ್ಲೇ ತುಂಬಿತ್ತು, ಮಕ್ಕಳೇ. ಅವನು ಹಣ್ಣನ್ನು ಹಿಂದಕ್ಕೆ ತಳ್ಳಿ, “ಈಗ ಬಂದೆ,” ಎಂದು ಹಾರಿಬಿಟ್ಟ. ಇವತ್ತು ಯಾರು ಕೇಳಿದರೂ ಕೊಡುವುದಿಲ್ಲ, ಕೊಡುವುದೇ ಇಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಚೀಲ ತುಂಬಿಕೊಂಡು ಬರುವಾಗ ಭಾಗಕ್ಕ ಕೂಗಿದಳು. “ಶಾಂತಣ್ಣ, ಎರಡನೇ ಸಲ ಬಂದಿರಾ? ನನ್ನ ಮೇಲೆ ಎಷ್ಟು ಅಕ್ಕರೆ ನಿಮಗೆ.”

ಇನ್ನೇನು ಹೇಳುತ್ತಾನೆ? ನಾಲ್ಕು ಕೊಟ್ಟ. ಅವಳಿಗೆ ಕೊಟ್ಟ ಮೇಲೆ ರಾಯಪ್ಪನಿಗೆ ಇಲ್ಲ ಎನ್ನುವುದು ಹೇಗೆ? ಚಿನ್ನಮ್ಮನಿಗೆ ಹೇಗೆ? ಮತ್ತಿಮರ ಕಾಣಿಸುವಾಗ ಉಳಿದದ್ದು ಮತ್ತೆ ಅದೇ ಮೂರು.

ಮರದ ಹತ್ತಿರ ಬಂದವನು ಬೆಚ್ಚಿದ. ಮರದ ಬುಡದಲ್ಲಿ ಒಣಮಣ್ಣಿನ ಚೂರುಗಳು ಬಿದ್ದಿದ್ದವು. ಮೇಲಿನಿಂದ ಇನ್ನೂ ಬೀಳುತ್ತಿದ್ದವು. ನೀಲವ್ವ ಒಳಗಿನಿಂದ ಗೋಡೆ ಕುಟ್ಟುತ್ತಿದ್ದಳು.

“ಏನು ಮಾಡುತ್ತಿದ್ದೀಯೇ?”

“ಹೊರಗೆ ಬರುತ್ತೇನೆ. ಒಬ್ಬರಿಗೆ ಸಿಗದ ಹಣ್ಣು ಇಬ್ಬರು ಹುಡುಕಿದರೆ ಸಿಗಬಹುದು. ಮರಿ ಇವತ್ತು ತಲೆಯೇ ಎತ್ತುತ್ತಿಲ್ಲ.”

“ನಿನ್ನ ರೆಕ್ಕೆಯಲ್ಲಿ ಗರಿಯೆಲ್ಲಿದೆ? ಬೀಳುತ್ತೀಯ.”

“ಬಿದ್ದರೆ ನಡೆದುಕೊಂಡು ಹೋಗುತ್ತೇನೆ,” ಎಂದು ನೀಲವ್ವ ಮತ್ತೆ ಕುಟ್ಟಿದಳು.

ಪಕ್ಕದ ಮರದ ಕವಲಿನಲ್ಲಿ ಕಬ್ಬೆಕ್ಕೊಂದು ಮೈಚಾಚಿ ಮಲಗಿ, ಒಡೆಯುತ್ತಿದ್ದ ಗೋಡೆಯನ್ನೇ ನೋಡುತ್ತಿತ್ತು. ಶಾಂತಣ್ಣ ಅದನ್ನು ಕಂಡ.

“ನಿಲ್ಲಿಸು ನೀಲವ್ವ,” ಎಂದ. “ಕಾಡಿನಲ್ಲಿ ಹಣ್ಣಿಗೆ ಬರವಿಲ್ಲ. ಗೋಳಿ ಕೆಂಪಗೆ ತೂಗುತ್ತಿದೆ. ನಾನು ದಿನವೂ ಇಪ್ಪತ್ತು ಹಣ್ಣು ತರುತ್ತೇನೆ. ದಾರಿಯಲ್ಲಿ ಕೇಳಿದವರಿಗೆಲ್ಲ ಕೊಟ್ಟುಬಿಡುತ್ತೇನೆ. ನಿನಗೆ ಸುಳ್ಳು ಹೇಳಿದೆ.”

ಕುಟ್ಟುವ ಸದ್ದು ನಿಂತಿತು.

“ಯಾಕೆ ಕೊಟ್ಟಿರಿ?” ಎಂದಳು ನೀಲವ್ವ.

“ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ.”

“ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಅದಕ್ಕೇ ನನಗೆ ಮೂರು ಬಂತೇನ್ರೀ?”

ಶಾಂತಣ್ಣ ತಲೆ ತಗ್ಗಿಸಿದ. ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ಅವರಿಗೆ ಕಾಲಿದೆ, ರೆಕ್ಕೆಯಿದೆ, ಮರವೂ ಹತ್ತಿರದಲ್ಲಿದೆ,” ಎಂದಳು ನೀಲವ್ವ ಮೆಲ್ಲಗೆ. “ನಮ್ಮಿಬ್ಬರಿಗೆ ಈಗ ನೀವೊಬ್ಬರೇ.”

ಶಾಂತಣ್ಣ ಮೂರು ಹಣ್ಣನ್ನೂ ಒಳಗೆ ಕೊಟ್ಟ. ಹೊಳೆದಂಡೆಯಿಂದ ಹಸಿಮಣ್ಣಿನ ಉಂಡೆ ತಂದು ಸೀಳಿನಲ್ಲಿ ದಾಟಿಸಿದ. ನೀಲವ್ವ ಅದನ್ನು ಮೆತ್ತಿ ಗೋಡೆ ಸರಿಮಾಡಿದಳು. ಕಬ್ಬೆಕ್ಕು ಆಕಳಿಸಿ ಎದ್ದುಹೋಯಿತು. ಶಾಂತಣ್ಣ ಮೂರನೇ ಸಲ ಗೋಳಿಮರಕ್ಕೆ ಹಾರಿದ.

ವಾಪಸು ಬರುವಾಗ ಹಲಸಿನ ಮರದ ಮೇಲೆ ಬೇಕೆಂದೇ ಕೂತ. ತಪ್ಪಿಸಿಕೊಂಡು ಹೋದರೆ ನಾಳೆ ಮತ್ತೆ ಅದೇ ಕತೆಯಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

“ಶಾಂತಣ್ಣ, ನಾಲ್ಕೇ ನಾಲ್ಕು…”

“ಇಲ್ಲ, ಭಾಗಕ್ಕ.”

ಭಾಗಕ್ಕನ ಬಾಲ ಕುಣಿಯುವುದನ್ನು ನಿಲ್ಲಿಸಿತು. “ಏನಂದಿರಿ?”

“ಇಲ್ಲ ಅಂದೆ. ಇದು ಮನೆಯವಳಿಗೆ ಮತ್ತು ಮರಿಗೆ. ಮರ ಅಲ್ಲೇ ಇದೆ, ಹತ್ತು ಜಿಗಿತ.”

ಭಾಗಕ್ಕ ಮುಖ ತಿರುಗಿಸಿ ಹೊರಟುಹೋದಳು. ರಾಯಪ್ಪ “ಇವನಿಗೆ ಕೊಬ್ಬು ಬಂದಿದೆ” ಎಂದು ಇಡೀ ಕಾಡಿಗೆ ಕೇಳುವಂತೆ ಬೈದ. ಬೈಯುವ ಭರದಲ್ಲಿ ಎರಡು ಕೊಂಬೆ ಜಿಗಿದ. ಸೊಂಟಕ್ಕೆ ಏನೂ ಆಗಿರಲಿಲ್ಲ. ಚಿನ್ನಮ್ಮ ಮಾತ್ರ, “ಅಯ್ಯೋ, ಮರಿ ಇರುವುದು ನನಗೆ ಹೊಳೆಯಲೇ ಇಲ್ಲ. ಮೊದಲೇ ಹೇಳಬಾರದಿತ್ತಾ ಅಣ್ಣ?” ಎಂದಳು. ಇಷ್ಟು ದಿನ ಶಾಂತಣ್ಣ ಹೆದರಿದ್ದು ಇಷ್ಟಕ್ಕೇ. ಆಕಾಶವೇನೂ ಕಳಚಿ ಬೀಳಲಿಲ್ಲ.

ಮನೆ ಮುಟ್ಟಿ ಸೀಳಿನ ಮುಂದೆ ಕೂತು ಒಂದೊಂದೇ ಹಣ್ಣು ಒಳಗೆ ಕೊಡತೊಡಗಿದ. ಐದಾಯಿತು, ಹತ್ತಾಯಿತು. ನೀಲವ್ವ ತಾನೂ ತಿಂದಳು, ಮರಿಗೂ ತಿನ್ನಿಸಿದಳು. ಅಂದಿನಿಂದ ದಿನವೂ ಇಪ್ಪತ್ತಕ್ಕೆ ಇಪ್ಪತ್ತು ಹಣ್ಣೂ ಬಂದವು. ಮರಿಯ ಕೂಗು ಹೊಳೆಯಾಚೆಗೂ ಕೇಳುವಷ್ಟು ಜೋರಾಯಿತು.

ಹೀಗೇ ಒಂದು ಮಧ್ಯಾಹ್ನ ಶಾಂತಣ್ಣ ಕೊನೆಯ ಹಣ್ಣು ಹಿಡಿದು, “ತಗೋ ಮರಿ, ಇದೊಂದು,” ಎಂದ. ಅದು ಬಲು ಚೆಂದದ ಹಣ್ಣು. ಮರಿಗೆಂದೇ ತುತ್ತತುದಿಯ ಕೊಂಬೆಯಿಂದ ಆರಿಸಿ ತಂದಿದ್ದ.

“ಬೇಡ,” ಎಂದಿತು ಮರಿ.

“ಅಪ್ಪನಿಗೋಸ್ಕರ?”

“ಬೇಡ ಅಪ್ಪ, ಹೊಟ್ಟೆ ತುಂಬಿದೆ,” ಎಂದು ಮರಿ ಅಮ್ಮನ ರೆಕ್ಕೆಯೊಳಗೆ ತಲೆ ತೂರಿಸಿ ಮಲಗಿಬಿಟ್ಟಿತು.

ಹಣ್ಣು ಹಿಡಿದುಕೊಂಡೇ ಶಾಂತಣ್ಣ ಬೇಜಾರಾಗಿದೆಯೇ ಎಂದು ತನ್ನನ್ನೇ ಕೇಳಿಕೊಂಡ. ಒಂದಿಷ್ಟೂ ಆಗಿರಲಿಲ್ಲ. ಬದಲಿಗೆ ನಗು ಬಂತು.

ನೀತಿ: ಕೇಳಿದವರಿಗೆಲ್ಲ ಒಳ್ಳೆಯವರಾಗಲು ಹೋದರೆ ಬಾಯಿಬಿಟ್ಟು ಕೇಳದವರು ಹಸಿದಿರುತ್ತಾರೆ, ಬೇಕಾದಾಗ ‘ಇಲ್ಲ’ ಎನ್ನುವುದೂ ಪ್ರೀತಿಯೇ.