ಹೊನ್ನವ್ವನ ಬಾಚಣಿಗೆ

ಕೊರೊನಾ ವಾರ್ಡಿನಲ್ಲಿ ಹೊನ್ನವ್ವನ ದಿಂಬಿನ ಪಕ್ಕ ಬಿದ್ದಿದ್ದ ಬಾಚಣಿಗೆಗೆ ಬೆಳಗಿನಿಂದ ಸಮಾಧಾನವಿರಲಿಲ್ಲ. ಆಮ್ಲಜನಕ ಅಳೆಯಲು ಅವಳ ಬೆರಳು ಕಚ್ಚಿಕೊಂಡಿದ್ದ ಕ್ಲಿಪ್ಪು ಮಾತ್ರ ಹಿಗ್ಗುತ್ತಿತ್ತು.

"ನನ್ನ ಅಂಕಿ ಚೆನ್ನಾಗಿದೆ. ಇವತ್ತು ಇವಳನ್ನು ಗುಣವಾದವರ ಕೋಣೆಗೆ ಕಳಿಸುತ್ತಾರೆ."

"ಅಲ್ಲಿ ಗಳಿಗೆಗೊಮ್ಮೆ ನೋಡುವವರಿಲ್ಲ," ಎಂದಿತು ಬಾಚಣಿಗೆ. "ನಿನ್ನೆ ತಾನೇ ತಲೆ ಬಾಚಿಕೊಂಡವಳು ಇವತ್ತು ನನ್ನನ್ನು ಮುಟ್ಟಲಿಲ್ಲ. ಬಾಚಿದ್ದು ಪಕ್ಕದ ಹಾಸಿಗೆಯ ಜುಬೇದಾ. ಗಂಜಿ ಕುಡಿಸಿದ್ದೂ ಅವಳೇ."

"ಹಲ್ಲಿದ್ದ ಮಾತ್ರಕ್ಕೆ ಡಾಕ್ಟರಾದೆಯಾ?" ಎಂದು ಕ್ಲಿಪ್ಪು ನಕ್ಕಿತು.

ನರ್ಸ್ ಫಿಲೋಮಿನಾ ಬಂದಳು. ಖಾಲಿಯಾದ ಗಂಜಿ ಲೋಟ, ನೀಟಾದ ಜಡೆ ನೋಡಿ, "ಮದುಮಗಳ ಹಾಗಿದ್ದೀಯಲ್ಲ ಅಜ್ಜಿ! ನಡಿ, ಆ ಕೋಣೆಗೆ ಹೋಗೋಣ," ಎಂದಳು.

ಬಾಚಣಿಗೆ ತಡೆಯಲಾರದೆ ಜಾರಿ ನರ್ಸಿನ ಕಾಲ ಮೇಲೆ ಬಿತ್ತು. ಅವಳು ಎತ್ತಿ ಹೊನ್ನವ್ವನ ಕೈಗೆ ಕೊಟ್ಟಳು. ಅಜ್ಜಿಯ ಬೆರಳು ಮಡಚಿಕೊಳ್ಳಲೇ ಇಲ್ಲ. ಬಾಚಣಿಗೆ ಮತ್ತೆ ನೆಲಕ್ಕೆ ಬಿತ್ತು.

"ಹಾಗಾದ್ರೆ ಜಡೆ ಹಾಕಿದ್ದು ಯಾರು?"

"ನಾನೇ ಸಿಸ್ಟರ್," ಎಂದಳು ಜುಬೇದಾ. "ಕೈ ಏಳ್ತಿಲ್ಲ ಅಂದ್ರು, ಪಾಪ ಅಂತ..."

"ಪಾಪ ಅನ್ನೋಕೆ ಮೊದಲು ನನ್ನನ್ನ ಕೂಗಬೇಕಿತ್ತು ತಾಯಿ!" ಫಿಲೋಮಿನಾ ಡಾಕ್ಟರನ್ನು ಕರೆಯಲು ಓಡಿದಳು. ಹೊನ್ನವ್ವ ವಾರ್ಡಿನಲ್ಲೇ ಉಳಿದಳು.

ಮಧ್ಯಾಹ್ನ ಕ್ಲಿಪ್ಪಿನ ಅಂಕಿ ಇಳಿಯತೊಡಗಿದಾಗ ಡಾಕ್ಟರು ಪಕ್ಕದಲ್ಲೇ ಇದ್ದರು, ಆಮ್ಲಜನಕದ ನಳಿಗೆ ಸಿದ್ಧವಾಗಿತ್ತು.

"ನನಗಿಂತ ಮೊದಲೇ ನಿನಗೆ ಹೇಗೆ ತಿಳಿಯಿತು?" ಎಂದು ಕ್ಲಿಪ್ಪು ಕೇಳಿತು.

"ನಿನ್ನನ್ನು ಅವಳ ಬೆರಳಿಗೆ ಬೇರೆಯವರು ಹಾಕುತ್ತಾರೆ. ನನ್ನನ್ನು ಅವಳೇ ಎತ್ತಿಕೊಳ್ಳಬೇಕು," ಎಂದಿತು ಬಾಚಣಿಗೆ.

ಸಂಜೆಯಾದರೂ ಅದಕ್ಕೆ ಸಮಾಧಾನವಿರಲಿಲ್ಲ. ಆ ಕೈ ತನ್ನತ್ತ ಚಾಚೀತೇ ಎಂದು ನೋಡುತ್ತಲೇ ಇತ್ತು.