ಸಾಹುಕಾರರಿಗೆ ಹಿಡಿಯದ ನಿಲುವಂಗಿ

"ನನ್ನ ಅಂಗಡಿಯಲ್ಲಿ ಸುಳ್ಳು ಅಳತೆ ಇನ್ನೂ ಹುಟ್ಟಿಯೇ ಇಲ್ಲ!" ಬಟ್ಟೆ ವ್ಯಾಪಾರಿ ಕೊಟ್ರಪ್ಪ ತುಂಬಿದ ದರ್ಬಾರಿನಲ್ಲಿ ಎರಡು ಕೋಲುಗಳನ್ನು ಎತ್ತಿ ಹಿಡಿದ. "ನೋಡಿ ಮಹಾಪ್ರಭು, ಎರಡರ ಮೇಲೂ ತಮ್ಮ ಮುದ್ರೆಯೇ ಇದೆ."

ಮುದ್ರೆ ಇತ್ತು. ಕಂಚಿನಕೋಟೆ ರಾಜ್ಯದಲ್ಲಿ ಆಗ ಎರಡು ಅಳತೆಗೋಲು ನಡೆಯುತ್ತಿದ್ದವು. ಒಂದನ್ನು ರಾಜ ಉದಯಾದಿತ್ಯನ ಅಜ್ಜ ಮಾಡಿಸಿದ್ದ. ಜನ ಅದನ್ನು ಅಜ್ಜನ ಕೋಲು ಎನ್ನುತ್ತಿದ್ದರು. ಇನ್ನೊಂದನ್ನು ಹಡಗಿನಲ್ಲಿ ಬಂದ ಪರದೇಶದ ವರ್ತಕರು ರಾಜನಿಗೆ ಕಾಣಿಕೆಯಾಗಿ ಕೊಟ್ಟಿದ್ದರು. ಅದು ಹಡಗಿನ ಕೋಲು. ಅಜ್ಜನ ಕೋಲಿಗಿಂತ ನಾಲ್ಕು ಬೆರಳು ಉದ್ದ. ಅಜ್ಜನನ್ನು ಬಿಡಲಾರದೆ, ಅತಿಥಿಗಳನ್ನು ನೋಯಿಸಲಾರದೆ ರಾಜ, "ಎರಡೂ ಇರಲಿ, ಯಾರಿಗೆ ಯಾವುದು ಇಷ್ಟವೋ ಅದರಲ್ಲಿ ಅಳೆಯಲಿ" ಎಂದು ಡಂಗುರ ಹೊಡೆಸಿದ್ದ.

ಕೊಟ್ರಪ್ಪನಿಗೆ ಎರಡೂ ಇಷ್ಟ. ನೇಕಾರರಿಂದ ಕೊಳ್ಳುವಾಗ ಹಡಗಿನ ಕೋಲು, ಗಿರಾಕಿಗಳಿಗೆ ಮಾರುವಾಗ ಅಜ್ಜನ ಕೋಲು.

ಅವನ ಎದುರಿಗೆ ದೂರು ಹೊತ್ತು ನಿಂತವಳು ಮಗ್ಗದ ಸಾಕಮ್ಮ.

"ಎಂಟು ಕೋಲಿನ ಸೀರೆ ನೇಯ್ದು ಕೊಡು, ಕಡಿಮೆ ಬಿದ್ದರೆ ನಿನ್ನ ಮಗ್ಗ ನನ್ನದು ಅಂದರು, ಬುದ್ಧಿ. ಒಪ್ಪಿಕೊಂಡೆ. ಮನೇಲಿರೋ ಅಜ್ಜನ ಕೋಲಲ್ಲಿ ಎಂಟು ಅಳೆದೇ ನೇಯ್ದೆ. ಇವರು ಹಡಗಿನ ಕೋಲು ತೆಗೆದು ಏಳೂಕಾಲು ಅಂತಾರೆ. ಮಗ್ಗ ಹೋದರೆ ನಾನು ಏನು ಮಾಡಿ ಬದುಕಲಿ?"

ರಾಜ ಗಡ್ಡ ಕೆರೆದುಕೊಂಡ. "ಏನು ಮಾಡಲಮ್ಮ? ಅವನು ಅಳೆದದ್ದೂ ನನ್ನ ಕೋಲಲ್ಲೇ. ಅದನ್ನು ತಪ್ಪು ಅನ್ನೋಕೆ ನನಗೇ ಬಾಯಿಲ್ಲ. ಮಗ್ಗ ಅವನಿಗೇ ಹೋಗಬೇಕು."

ಆಗ ಆಸ್ಥಾನದ ವಿದೂಷಕ ಅಪ್ರಮೇಯ ಎದ್ದು ನಿಂತ.

"ಸರಿಯಾದ ಮಾತು ಪ್ರಭು. ಆದರೆ ಅರಮನೆಗೆ ಪರದೆ ಕೊಟ್ಟದ್ದಕ್ಕೆ ಸಾಹುಕಾರರಿಗೆ ಶುಕ್ರವಾರ ನಿಲುವಂಗಿಯ ಸನ್ಮಾನ ಇದೆಯಲ್ಲ? ಮಗ್ಗವನ್ನೂ ಅವತ್ತೇ ಕೊಡೋಣ. ಎರಡೂ ಒಟ್ಟಿಗೆ ಸಿಕ್ಕರೆ ಅವರಿಗೂ ಸಂತೋಷ, ನಮಗೂ ನೋಡೋಕೆ ಚೆಂದ."

"ಆಗಲಿ," ಎಂದ ರಾಜ.

"ನಿಲುವಂಗಿ ಹೊಲಿಸೋ ಜವಾಬ್ದಾರಿ ನನ್ನದು. ಸಾಹುಕಾರರೇ, ನಿಮ್ಮ ಅಂಗಡಿ ಪದ್ಧತಿಯಲ್ಲೇ ಅಳತೆ ಮಾಡಿಸಲೇ?"

"ಅದಕ್ಕಿಂತ ಒಳ್ಳೆ ಪದ್ಧತಿ ಇನ್ನೊಂದಿದೆಯೇನಯ್ಯ?" ಕೊಟ್ರಪ್ಪ ಎದೆ ಉಬ್ಬಿಸಿದ.

"ಎಲ್ಲರೂ ಕೇಳಿಸಿಕೊಂಡಿರಲ್ಲ?" ಎಂದು ಅಪ್ರಮೇಯ ಕೈ ಮುಗಿದು ಕೂತ. ಸಾಕಮ್ಮ ಅವನನ್ನು ದುರುಗುಟ್ಟಿ ನೋಡಿ ಹೊರಟುಹೋದಳು.

ಮರುದಿನ ಅವನು ದರ್ಜಿಯೊಂದಿಗೆ ಸಾಹುಕಾರನ ಮನೆಗೆ ಹೋದ. ದರ್ಜಿ ಕೊಟ್ರಪ್ಪನ ಎದೆಗೆ ದಾರ ಸುತ್ತಿ, ಆ ದಾರವನ್ನು ಹಡಗಿನ ಕೋಲಿಗೆ ಹಿಡಿದ. "ಒಂದೂಕಾಲು ಕೋಲು."

"ಅಷ್ಟೇನಾ? ಮೊನ್ನೆ ಮದುವೆಗೆ ಹೊಲಿಸಿದಾಗ ಜಾಸ್ತಿ ಇತ್ತಲ್ಲ!"

"ಸಾಹುಕಾರರೇ, ಸಣ್ಣಗಾಗಿದ್ದೀರಿ," ಎಂದ ಅಪ್ರಮೇಯ ಮುಖ ಗಂಭೀರ ಮಾಡಿಕೊಂಡು.

ಕೊಟ್ರಪ್ಪ ಖುಷಿಯಿಂದ ಹೆಂಡತಿಯನ್ನು ಕರೆದ. "ಕೇಳಿದೆಯೇನೇ? ಸಣ್ಣಗಾಗಿದ್ದೀನಂತೆ! ಇನ್ನೆರಡು ಹೋಳಿಗೆ ತಾ!"

ಶುಕ್ರವಾರ ದರ್ಬಾರು ಕಿಕ್ಕಿರಿದಿತ್ತು. ಜರಿಯಂಚಿನ ಕೆಂಪು ರೇಷ್ಮೆ ನಿಲುವಂಗಿ ಬಂತು. ಇಬ್ಬರು ಸೇವಕರು ತೊಡಿಸಲು ನಿಂತರು. ಒಂದು ತೋಳು ಹೇಗೋ ಹೋಯಿತು. ಇನ್ನೊಂದನ್ನು ತೂರಿಸಲು ಮೂರನೆಯವನೂ ಬರಬೇಕಾಯಿತು. ಗುಂಡಿಗಳನ್ನು ಎಳೆದು ಹಾಕುವಷ್ಟರಲ್ಲಿ ಕೊಟ್ರಪ್ಪನ ಕಣ್ಣುಗಳು ಮೇಲಕ್ಕೆ ಹೋಗಿದ್ದವು. ರಾಜನಿಗೆ ಕೈ ಮುಗಿಯಲು ಹೋದರೆ ಎರಡು ಕೈಯೂ ಸೇರಲಿಲ್ಲ. ಬಾಗಲು ಹೋದರೆ ಬೆನ್ನು ಬಾಗಲಿಲ್ಲ.

"ಏನ್ರೀ ಸಾಹುಕಾರರೇ, ರಾಜರ ಮುಂದೆ ಇಷ್ಟು ಸೆಟೆದು ನಿಲ್ಲೋದೇ?" ಎಂದು ಯಾರೋ ಹಿಂದಿನಿಂದ ಕೂಗಿದರು. ಸಭೆ ಗೊಳ್ಳೆಂದಿತು.

"ಉಸಿರು... ಉಸಿರು ಸಿಕ್ಕಿಕೊಂಡಿದೆ!" ಕೊಟ್ರಪ್ಪ ಏದುಸಿರು ಬಿಟ್ಟ. "ಎಲ್ಲಿ ಆ ದರ್ಜಿ? ಬಟ್ಟೆ ಕದ್ದಿದ್ದಾನೆ!"

"ಒಂದು ಎಳೆಯೂ ಕದ್ದಿಲ್ಲ," ಎಂದ ಅಪ್ರಮೇಯ. "ಎದೆ ಒಂದೂಕಾಲು ಕೋಲು, ಬಟ್ಟೆಯೂ ಒಂದೂಕಾಲು ಕೋಲು. ಮೈಯನ್ನು ಹಡಗಿನ ಕೋಲಲ್ಲಿ ಅಳೆದೆವು, ಬಟ್ಟೆಯನ್ನು ಅಜ್ಜನ ಕೋಲಲ್ಲಿ ಕತ್ತರಿಸಿದೆವು. ತೆಗೆದುಕೊಳ್ಳುವಾಗ ಉದ್ದದ್ದು, ಕೊಡುವಾಗ ಗಿಡ್ಡದ್ದು. ನಿಮ್ಮ ಅಂಗಡಿ ಪದ್ಧತಿ."

"ಅಯ್ಯೋ ಮೂರ್ಖ! ಮೈ ಒಂದೇ ಅಲ್ಲವೇನಯ್ಯ? ಒಂದು ಕೋಲಲ್ಲಿ ಮಾತು ಮಾಡಿ ಇನ್ನೊಂದು ಕೋಲಲ್ಲಿ ತೀರಿಸೋದು ಶುದ್ಧ ಮೋಸ!"

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ಗೊತ್ತಾಯಿತು.

"ಸೀರೆಯೂ ಒಂದೇ ಆಗಿತ್ತು, ಸಾಹುಕಾರರೇ," ಎಂದಳು ಮಗ್ಗ ಒಪ್ಪಿಸಲು ಬಂದು ನಿಂತಿದ್ದ ಸಾಕಮ್ಮ.

ರಾಜನಿಗೆ ನಗು ತಡೆಯಲಾಗಲಿಲ್ಲ. "ತೀರ್ಪು ಅವನೇ ಕೊಟ್ಟ! ಸಾಕಮ್ಮ, ಮಗ್ಗ ನಿನ್ನದೇ. ಸೀರೆಯ ಕೂಲಿಯನ್ನೂ ಅವನು ಪೂರ್ತಿ ಕೊಡಬೇಕು. ಯಾರಲ್ಲಿ, ಇವನನ್ನು ಆ ಅಂಗಿಯಿಂದ ಬಿಡಿಸಿ!"

ದರ್ಜಿ ಕತ್ತರಿ ತೆಗೆದ. ಸಾಕಮ್ಮ ಅಡ್ಡ ಬಂದಳು. "ಬೇಡ, ಕತ್ತರಿ ಹಾಕಬೇಡಪ್ಪ. ಅದನ್ನೂ ಯಾರೋ ಕೂತು ನೇಯ್ದಿದ್ದಾರೆ. ಸಾಹುಕಾರರು ನಿಧಾನವಾಗಿ ಉಸಿರು ಬಿಡಲಿ, ತಾನಾಗಿ ಬರುತ್ತೆ."

ಕೊಟ್ರಪ್ಪ ಉಸಿರು ಬಿಟ್ಟ. ಬಹಳ ಹೊತ್ತು ಬಿಡಬೇಕಾಯಿತು.

ನಗು ಇಳಿದ ಮೇಲೆ ರಾಜ ಅಪ್ರಮೇಯನನ್ನು ಹತ್ತಿರ ಕರೆದು ದನಿ ತಗ್ಗಿಸಿದ. "ನಿಜ ಹೇಳು. ಎರಡು ಕೋಲು ಇಟ್ಟವನು ನಾನು. ಇದರಲ್ಲಿ ನನ್ನ ತಪ್ಪು ಎಷ್ಟು?"

ಅಪ್ರಮೇಯ ಎರಡು ಕೋಲುಗಳನ್ನೂ ಕೈಗೆ ತೆಗೆದುಕೊಂಡು, ಒಂದರ ಪಕ್ಕ ಒಂದು ಹಿಡಿದು ಯೋಚಿಸಿದ.

"ತಮ್ಮ ತಪ್ಪನ್ನು ಅಜ್ಜನ ಕೋಲಲ್ಲಿ ಅಳೆದರೆ ಒಂದು ಕೋಲಿಗಿಂತ ಸ್ವಲ್ಪ ಜಾಸ್ತಿ ಬರುತ್ತೆ ಪ್ರಭು. ಹಡಗಿನ ಕೋಲಲ್ಲಿ ಅಳೆದರೆ ಒಂದು ಕೋಲೂ ತುಂಬೋದಿಲ್ಲ."

ರಾಜ ಹಡಗಿನ ಕೋಲನ್ನು ಅವನ ಕೈಯಿಂದ ಕಿತ್ತುಕೊಂಡ.

"ಇವತ್ತಿನಿಂದ ರಾಜ್ಯಕ್ಕೆಲ್ಲ ಇದೊಂದೇ ಕೋಲು!"