ಮನಶುದ್ಧಿ

ಪಾಯಪ್ಪ ಮಗಳ ಮುಂದಿಟ್ಟ ಷರತ್ತು ಇಷ್ಟು: ದೀಪಾವಳಿಯೊಳಗೆ ಗೊತ್ತುಮಾಡಿದ ವರನನ್ನು ಒಪ್ಪಬೇಕು, ಇಲ್ಲವೇ ಮಾತಾಜಿಯವರ ಹತ್ತಿರ ಸನ್ಯಾಸದ ದೀಕ್ಷೆ ತೆಗೆದುಕೊಳ್ಳಬೇಕು. ಎರಡೂ ಬೇಡವಾದರೆ ಮನೆ ಬಿಡಬೇಕು.

ಮದುವೆಯಾದರೆ ಒಳ್ಳೆಯ ಬೀಗರು, ದೀಕ್ಷೆಯಾದರೆ ಸಮಾಜದಲ್ಲಿ ಹೆಸರು. ಪಾಯಪ್ಪನಿಗೆ ಎರಡರಲ್ಲೂ ನಷ್ಟವಿರಲಿಲ್ಲ.

ಮಗಳು ಚೇಲನಾಗೆ ಇಪ್ಪತ್ತೊಂದು. ಜೊತೆಗೆ ಓದಿದ ಅಂಜನಾಳನ್ನು ಪ್ರೀತಿಸಿದ್ದಳು, ಅಂಜನಾ ಅವಳನ್ನು. ಒಂದು ಪತ್ರ ಮನೆಯವರ ಕೈಗೆ ಸಿಕ್ಕಿತು. ತಿಂಗಳೊಳಗೆ ಅಂಜನಾಳ ಮದುವೆ ಮುಗಿದುಹೋಯಿತು.

ಮಳೆಗಾಲದ ನಾಲ್ಕು ತಿಂಗಳು ಜೈನ ಸನ್ಯಾಸಿನಿ ಸುವ್ರತಮತಿ ಮಾತಾಜಿ ನದೀದಂಡೆಯ ಬಸದಿಯಲ್ಲಿ ಉಳಿದಿದ್ದರು. ಚೇಲನಾ ಹೋಗಿ ಕಾಲಿಗೆ ಬಿದ್ದಳು.

"ದೀಕ್ಷಾ ಕೊಡ್ರಿ, ಮಾತಾಜಿ."

"ಯಾಕವ್ವಾ?"

"ವೈರಾಗ್ಯ ಬಂದೈತ್ರಿ."

"ಯಾರ ಮ್ಯಾಲೆ?"

ಚೇಲನಾ ಮತ್ತೆ ಕಾಲು ಹಿಡಿದಳು.

"ನಾಳೆ ನನಗ ಆಹಾರ ನೀ ಕೊಡು," ಎಂದರು ಮಾತಾಜಿ.

ಅವರದು ದಿನಕ್ಕೆ ಒಂದೇ ಊಟ, ಅದೂ ಬೊಗಸೆಯಲ್ಲಿ. ಕೊಡುವವರು ಬಾಗಿಲಲ್ಲಿ ನಿಂತು ಮೊದಲು ಹೇಳಬೇಕು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಅನ್ನನೀರು ಶುದ್ಧ. ಅದನ್ನು ಕೇಳಿದ ಮೇಲೆಯೇ ಅವರು ಒಳಗೆ ಕಾಲಿಡುವುದು.

ಮರುದಿನ ಮಾತಾಜಿ ಬಲಗೈ ಮಡಚಿ ಭುಜಕ್ಕಿಟ್ಟುಕೊಂಡು ಪಾಯಪ್ಪನ ಬಾಗಿಲಿಗೆ ಬಂದರು. ಊಟಕ್ಕೆ ಮೊದಲು ಆ ಕೈ ಇಳಿಸಿದರೆ ಅಂದು ನೀರೂ ಇಲ್ಲ.

"ವಚನಶುದ್ಧಿ, ಕಾಯಶುದ್ಧಿ, ಅನ್ನನೀರು ಶುದ್ಧ," ಎಂದಳು ಚೇಲನಾ.

ಮಾತಾಜಿ ನಿಂತೇ ಇದ್ದರು.

"ಮೊದಲಿಂದು ನುಂಗಿದೆಲ್ಲ, ಹೇಳ!" ಪಾಯಪ್ಪ ಹಲ್ಲು ಕಡಿದ.

"ಬಾಯಿಗೆ ಬರವಲ್ದು, ಅಪ್ಪಾ."

"ಬಾಯಿಪಾಠ ಐತಿ ಅದು! ಎಲ್ಲಾರೂ ಹೇಳ್ತಾರ. ನೀನೂ ಒದರಿಬಿಡು."

ಮಾತಾಜಿ ಕೈ ಇಳಿಸಿದರು. ಬಂದ ದಾರಿಯಲ್ಲೇ ತಿರುಗಿದರು.

ಸಂಜೆ ಚೇಲನಾ ನದೀದಂಡೆಗೆ ಓಡಿದಳು. "ನನ್ನಿಂದ ನಿಮಗ ಉಪವಾಸ ಆತ್ರಿ."

"ರೂಢಿ ಐತಿ ಬಿಡು. ಮನಸಿನ್ಯಾಗ ಏನಿತ್ತು?"

"ಅಂಜನಾ."

"ಅದು ಹೊಲಸು ಅಂದವರು ಯಾರು?"

"ಅಪ್ಪ, ಅವ್ವ, ಸೋದರಮಾವ, ಎಲ್ಲಾರೂ."

"ನಾ ನಿನ್ನ ಕೇಳಾಕತ್ತೀನಿ."

"ನನ್ನ ಕಡೆ ಇರೂದ್ರಾಗ ಚೊಕ್ಕದ್ದು ಅದೊಂದ ರೀ."

"ಹಂಗಾದ್ರ ನನ್ನ ಯಾಕ ಉಪವಾಸ ಕೆಡವಿದಿ?"

ಮರುದಿನ ಮಾತಾಜಿ ಮತ್ತೆ ಬಾಗಿಲಿಗೆ ಬಂದಾಗ ಚೇಲನಾ ಅಪ್ಪನ ಮುಖ ನೋಡುತ್ತ ನಾಲ್ಕೂ ಮಾತು ಹೇಳಿದಳು. ಮೊದಲನೆಯದನ್ನು ಎರಡು ಸಲ ಹೇಳಿದಳು.

ಮಾತಾಜಿ ಒಳಗೆ ಬಂದು ಬೊಗಸೆ ಒಡ್ಡಿದರು.

ಊಟ ಮುಗಿಯುವುದನ್ನೇ ಕಾದಿದ್ದ ಪಾಯಪ್ಪ ಹಿಗ್ಗಿದ. "ಅಂತೂ ಮಗಳ ಮನಸ್ಸು ಶುದ್ಧ ಆತು. ದೀಕ್ಷಾಕ್ಕ ದಿನ ಹೇಳ್ರಿ, ಮಾತಾಜಿ."

"ಆಗಿದ್ದಲ್ಲಪ್ಪಾ, ಇದ್ದದ್ದು. ಅಂಜನಾನ್ನ ಒಳಗ ಇಟ್ಕೊಂಡ ಆ ಮಾತು ಹೇಳ್ಯಾಳ, ನಾ ಉಂಡೀನಿ. ನಿನಗ ಅಂಜಿ ಓಡಿ ಬಂದವರಿಗೆ ನಾ ದೀಕ್ಷಾ ಕೊಡೂದಿಲ್ಲ."

ಪಾಯಪ್ಪನ ಮುಖ ಕಪ್ಪಾಯಿತು. "ಹಂಗಾದ್ರ ಮದುವಿ."

"ಒಲ್ಲೆ, ಅಪ್ಪಾ," ಎಂದಳು ಚೇಲನಾ.

ಪಾಯಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಮಾತಾಜಿ ಹೊಸ್ತಿಲು ದಾಟಿದ ಮೇಲೆ ಮಗಳ ಚೀಲವನ್ನೂ ದಾಟಿಸಿದ. ಅವ್ವ ತಲೆ ಎತ್ತಲಿಲ್ಲ. ಮಗಳು ಮುಟ್ಟಿದ ಪಾತ್ರೆಗಳಿಗೆಲ್ಲ ಬೂದಿ ಹಚ್ಚಿ ತಿಕ್ಕುತ್ತ ಕೂತಳು.

ಚೇಲನಾ ಬಸದಿಯ ಮೆಟ್ಟಿಲ ಮೇಲೆ ಚೀಲ ಇಳಿಸಿದಳು.

"ಮನಿ ಹೋತು. ಅಂಜನಾ ಮೊದಲ ಹೋಗ್ಯಾಳ. ನೀವೂ ದೀಕ್ಷಾ ಕೊಡಲಿಲ್ಲ. ಖರೇ ಹೇಳಿ ನನಗ ಸಿಕ್ಕಿದ್ದೇನ್ರಿ, ಮಾತಾಜಿ?"

"ನಿನಗೇನು ಸಿಕ್ಕಿತೋ ನಾ ಕಾಣೆ, ಮಗಳ. ನಲವತ್ತು ವರ್ಷದಾಗ ನನಗ ಸುಳ್ಳಿಲ್ಲದ ಊಟ ಒಂದು ಸಿಕ್ಕಿತು."